ಪಾರ್ಶ್ವವಾಯುವಿನ ಬಳಿಕ ಸಂಗಾತಿಯ ಶುಶ್ರೂಷೆ

ಕೆಲವು ತಿಂಗಳ ಹಿಂದೆ ಹಿರಿಯರೊಬ್ಬರು ನನ್ನ ಕ್ಲಿನಿಕ್‌ಗೆ ಬಂದು ಲಕ್ವಕ್ಕೆ ಹಚ್ಚುವ ಎಣ್ಣೆ ಕೇಳಿದರು. ಅವರ ಪತ್ನಿಗೆ ಪಾರ್ಶ್ವವಾಯುವಾಗಿ ಆರು ವಾರ ಕಳೆದಿತ್ತು. ಆಸ್ಪತ್ರೆಯ ಚಿಕಿತ್ಸೆ ಮುಗಿಸಿ ಮನೆಗೆ ಕರೆತಂದಿದ್ದರು. ಎಡಗೈಯಲ್ಲೂ ಎಡಗಾಲಿನಲ್ಲೂ ಬಲವಿರಲಿಲ್ಲ. ಎಣ್ಣೆ ಕೊಡುವ ಮೊದಲು ನಾನು ಕೆಲವು ವಿಷಯ ವಿಚಾರಿಸಿದೆ. ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ? ಊಟ ಮಾಡುವಾಗ ಕೆಮ್ಮು ಬರುತ್ತದೆಯೇ? ಮಲವಿಸರ್ಜನೆ ಸರಿಯಾಗಿದೆಯೇ? ಎಲ್ಲದಕ್ಕೂ ಅವರ ಉತ್ತರ ಒಂದೇ: "ಸೊಸೆಯನ್ನು ಕೇಳಬೇಕು." ಕೊನೆಗೆ ತಲೆ ತಗ್ಗಿಸಿ ಹೇಳಿದರು, "ಡಾಕ್ಟ್ರೇ, ನಾನು ಇಪ್ಪತ್ತಾರು ವರ್ಷ ಸೌದಿಯಲ್ಲಿದ್ದೆ. ಊರಿಗೆ ಬಂದು ಒಂದೂವರೆ ವರ್ಷ ಆಯಿತಷ್ಟೆ. ಅವಳ ಚಹಾಕ್ಕೆ ಸಕ್ಕರೆ ಎಷ್ಟು ಎಂಬುದೂ ನನಗೆ ಗೊತ್ತಿಲ್ಲ."

ಮರುದಿನ ಅವರ ಮನೆಗೆ ಹೋದೆ. ಸೊಸೆ ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದಳು. ಹಾಸಿಗೆ ಸ್ವಚ್ಛವಾಗಿತ್ತು, ಮದ್ದು ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು. ಆದರೂ ಎರಡು ದಿನಗಳಿಂದ ಚಳಿ ಜ್ವರ. ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಕಂಡುಬಂತು. ಆ ತಾಯಿ ದಿನವಿಡೀ ಕುಡಿಯುತ್ತಿದ್ದುದು ಎರಡೋ ಮೂರೋ ಲೋಟ ನೀರು. ಬಾಯಾರಿಕೆ ಇರಲಿಲ್ಲವೆಂದಲ್ಲ. "ಕುಡಿದರೆ ಪ್ರತಿ ಸಲ ಅವಳನ್ನೇ ಕರೆಯಬೇಕಲ್ಲ. ಅವಳಿಗೆ ಎರಡು ಸಣ್ಣ ಮಕ್ಕಳು. ಮತ್ತೆ ನನಗೆ ನಾಚಿಕೆಯೂ ಆಗುತ್ತದೆ" ಎಂದು ಮೆಲ್ಲಗೆ ಹೇಳಿದರು. ಪಕ್ಕದಲ್ಲೇ ನಿಂತಿದ್ದ ಪತಿ ಅದನ್ನು ಮೊದಲ ಸಲ ಕೇಳಿಸಿಕೊಂಡಿದ್ದರು.

ಇದು ಒಂದೇ ಮನೆಯ ಕಥೆಯಲ್ಲ. ಪತಿಗೆ ಪಾರ್ಶ್ವವಾಯುವಾದರೆ ಪತ್ನಿ ಹಗಲಿರುಳೂ ಜೊತೆಗಿರುತ್ತಾಳೆ. ಪತ್ನಿಗೆ ಆದರೆ ಆರೈಕೆ ಮಗಳಿಗೋ ಸೊಸೆಗೋ ಹೋಗುತ್ತದೆ. ಪತಿ ಔಷಧಿ ತರುವವರಾಗಿ, ಬಿಲ್ಲು ಕಟ್ಟುವವರಾಗಿ ಹೊರಗೆ ಉಳಿಯುತ್ತಾರೆ. ಪತಿಯಾಗಲಿ ಪತ್ನಿಯಾಗಲಿ, ಶುಶ್ರೂಷೆ ಮಾಡುವ ಸಂಗಾತಿ ಕಲಿತುಕೊಳ್ಳಬೇಕಾದ ವಿಷಯಗಳನ್ನು ಈ ಲೇಖನದಲ್ಲಿ ಹೇಳಿದ್ದೇನೆ. ಇವು ಕಷ್ಟದ ವಿಷಯಗಳಲ್ಲ. ಆದರೆ ಯಾರಾದರೂ ಹೇಳಿಕೊಡದಿದ್ದರೆ ತಾವಾಗಿ ತಿಳಿಯುವಂಥವೂ ಅಲ್ಲ.

ಸಂಗಾತಿಯೇ ಏಕೆ?

ಪತಿ ಪತ್ನಿಯರನ್ನು ಕುರ್‌ಆನ್ ಪರಸ್ಪರರ ಉಡುಪಿಗೆ ಹೋಲಿಸಿದೆ. ಉಡುಪು ಮೈಗೆ ಅಂಟಿಕೊಂಡಿರುತ್ತದೆ, ಮೈಯ ಕೊರತೆಯನ್ನು ಮುಚ್ಚುತ್ತದೆ. ಇದರ ಅರ್ಥ ಆರೋಗ್ಯವಿದ್ದಾಗ ಅಷ್ಟಾಗಿ ತಿಳಿಯುವುದಿಲ್ಲ. ಸಂಗಾತಿಯನ್ನು ಶೌಚಾಲಯಕ್ಕೆ ಕರೆದೊಯ್ಯಬೇಕಾಗಿ ಬಂದ ದಿನ ತಿಳಿಯುತ್ತದೆ. ಮಗನ ಮುಂದೆ, ಸೊಸೆಯ ಮುಂದೆ, ಮಗಳ ಮುಂದೆ ಕೂಡ ಔರತ್‌ನ ಮಿತಿ ಇದೆ. ಪತಿ ಪತ್ನಿಯರ ನಡುವೆ ಅದಿಲ್ಲ. ಅನಿವಾರ್ಯವಾದಾಗ ಇತರರು ನೆರವಾಗುವುದಕ್ಕೆ ಅನುಮತಿಯಿದೆ, ಅದರಲ್ಲಿ ಸಂಕೋಚ ಬೇಡ. ಆದರೆ ಸಂಗಾತಿ ಮಾಡಬಹುದಾದ ಕಡೆ ರೋಗಿಯ ಮಾನ ಉಳಿಯುತ್ತದೆ, ನೆಮ್ಮದಿ ಉಳಿಯುತ್ತದೆ. ಮಾನಕ್ಕೆ ಹೆದರಿ ನೀರು ಬಿಟ್ಟ ರೋಗಿಗೆ ಯಾವ ಮದ್ದೂ ಪೂರ್ತಿ ಫಲ ಕೊಡುವುದಿಲ್ಲ.

ಹೆಂಡತಿಯ ಚಾಕರಿ ಮಾಡುವುದು ಗಂಡಸಿಗೆ ಸಲ್ಲದು ಎಂದು ಭಾವಿಸುವವರು ಉಸ್ಮಾನ್(ರ)ರನ್ನು ನೆನಪಿಸಿಕೊಳ್ಳಬೇಕು. ಹಿಜ್‌ರಿ 2ರಲ್ಲಿ ಮುಸ್ಲಿಮರು ಬದ್ರ್‌ಗೆ ಹೊರಟಾಗ ಅವರ ಪತ್ನಿ, ಪ್ರವಾದಿವರ್ಯರ(ಸ) ಪುತ್ರಿ ರುಖಿಯ್ಯಾ(ರ) ಕಾಯಿಲೆ ಬಿದ್ದಿದ್ದರು. ಪತ್ನಿಯ ಶುಶ್ರೂಷೆಗಾಗಿ ಮನೆಯಲ್ಲೇ ಉಳಿಯುವಂತೆ ಪ್ರವಾದಿ(ಸ) ಅವರಿಗೆ ಹೇಳಿದರು. ಬದ್ರ್‌ನಲ್ಲಿ ಪಾಲ್ಗೊಂಡವರಿಗೆ ಸಿಗುವ ಪುಣ್ಯವೂ ಪಾಲೂ ಅವರಿಗೆ ಇದೆಯೆಂದೂ ತಿಳಿಸಿದರು. ರಣರಂಗಕ್ಕೂ ರೋಗಿಯ ಮಂಚದ ಬದಿಗೂ ಒಂದೇ ತೂಕ ಸಿಕ್ಕಿದ ಸಂದರ್ಭ ಅದು.

ಲಕ್ವವೇ, ಫಾಲಿಜೇ?

ನಮ್ಮ ಜನ ಎಲ್ಲವನ್ನೂ ಲಕ್ವ ಎನ್ನುತ್ತಾರೆ. ಯುನಾನಿ ಗ್ರಂಥಗಳಲ್ಲಿ ಇವು ಎರಡು ಬೇರೆ ಬೇರೆ ಕಾಯಿಲೆಗಳು. ಮುಖ ಮಾತ್ರ ಸೊಟ್ಟಗಾಗಿ ಒಂದು ಕಣ್ಣು ಮುಚ್ಚಲಾಗದಿದ್ದರೆ ಅದು ಲಕ್ವ. ಅದು ಹೆಚ್ಚಾಗಿ ಮುಖದ ನರದ ಬಾಧೆ. ದೇಹದ ಒಂದು ಬದಿಯ ಕೈಕಾಲು ಬಿದ್ದರೆ ಅದು ಫಾಲಿಜ್. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಇದು ಬರುತ್ತದೆ. ಇವೆರಡರಲ್ಲಿ ಯಾವುದೆಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಹೋಗಬೇಡಿ.

ಒಮ್ಮೆ ಪಾರ್ಶ್ವವಾಯುವಾದವರಿಗೆ ಮತ್ತೊಮ್ಮೆ ಆಗುವ ಅಪಾಯ ಇತರರಿಗಿಂತ ಹೆಚ್ಚು. ಆದ್ದರಿಂದ ಸಂಗಾತಿಗೆ ಇದರ ಗುರುತು ಗೊತ್ತಿರಲೇಬೇಕು. ನಗಲು ಹೇಳಿದಾಗ ಬಾಯಿ ಒಂದು ಬದಿಗೆ ಎಳೆಯುತ್ತದೆಯೇ? ಎರಡೂ ಕೈ ಎತ್ತಿ ಹಿಡಿಯಲು ಹೇಳಿದಾಗ ಒಂದು ಕೆಳಗೆ ಜಾರುತ್ತದೆಯೇ? ಮಾತು ತೊದಲುತ್ತದೆಯೇ? ಒಂದೇ ಒಂದು ಲಕ್ಷಣ ಕಂಡರೂ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ, 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿನಲ್ಲಿ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ 4.5 ಗಂಟೆಯೊಳಗೆ ಸಿಗಬೇಕು. ಲಕ್ಷಣಗಳು ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಹೋಗಲೇಬೇಕು. ಅದು ದೊಡ್ಡದೊಂದು ಬರುವ ಮುನ್ಸೂಚನೆಯಾಗಿರಬಹುದು.

ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ: ಆ ಹೊತ್ತಿನಲ್ಲಿ ನನ್ನಲ್ಲಿಗೆ ಬರಬೇಡಿ. ಎಣ್ಣೆ ಉಜ್ಜುತ್ತಾ, ಪಾರಿವಾಳದ ರಕ್ತ ಹುಡುಕುತ್ತಾ, ಮಂತ್ರಿಸಿದ ನೀರು ತರಲು ಓಡುತ್ತಾ ಆ ಗಂಟೆಗಳನ್ನು ಕಳೆದವರನ್ನು ನಾನು ನೋಡಿದ್ದೇನೆ. ದುಆ ಆಂಬುಲೆನ್ಸ್‌ನಲ್ಲಿ ಕುಳಿತೂ ಮಾಡಬಹುದು.

ಊಟ, ನೀರು ಮತ್ತು ನುಂಗುವಿಕೆ

ಪಾರ್ಶ್ವವಾಯು ಕೈಕಾಲಿಗೆ ಮಾತ್ರವಲ್ಲ, ಗಂಟಲಿಗೂ ತಟ್ಟುತ್ತದೆ. ನುಂಗಿದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಇಂಥ ರೋಗಿಗಳ ಸಾವಿಗೆ ಅದೂ ಒಂದು ದೊಡ್ಡ ಕಾರಣ. ಉಣ್ಣುವಾಗ ಕೆಮ್ಮು, ನುಂಗಿದ ಮೇಲೆ ಗಂಟಲಲ್ಲಿ ನೀರು ಇದ್ದಂತೆ ಗೊರಗೊರ ಸ್ವರ, ಪದೇ ಪದೇ ಜ್ವರ ಇವು ಎಚ್ಚರಿಕೆಯ ಗುರುತುಗಳು. ಇವು ಕಂಡರೆ ಬಾಯಿಂದ ಕೊಡುವುದನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಿ.

ಊಟ ಕೊಡುವಾಗ ಇಷ್ಟು ಪಾಲಿಸಿ:

- ಮಲಗಿದಲ್ಲಿ ಒಂದು ಚಮಚ ನೀರನ್ನೂ ಕೊಡಬೇಡಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆಗೆ ಬಾಗಿರಲಿ. ಊಟದ ನಂತರವೂ ಅರ್ಧ ಗಂಟೆ ಕುಳಿತಿರಲಿ.
- ಸಣ್ಣ ಚಮಚ ಬಳಸಿ. ಒಂದು ತುತ್ತು ನುಂಗಿ ಮುಗಿದ ಮೇಲೆ ಇನ್ನೊಂದು. ನುಂಗುವಾಗ ಮಾತನಾಡಿಸಬೇಡಿ, ಟಿವಿ ಆರಿಸಿ.
- ನೀರು ಸುಲಭ, ಗಟ್ಟಿ ಕಷ್ಟ ಎಂದು ನಾವು ತಿಳಿದಿದ್ದೇವೆ. ದುರ್ಬಲ ಗಂಟಲಿಗೆ ತೆಳು ನೀರೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಬೇಗ ಜಾರುತ್ತದೆ. ರಾಗಿ ಅಂಬಲಿಯಷ್ಟು ಮಂದವಾದದ್ದು ಸುಲಭ. ಎಷ್ಟು ಮಂದವಾಗಿರಬೇಕೆಂದು ಆಸ್ಪತ್ರೆಯಲ್ಲಿ ಕೇಳಿ ತಿಳಿಯಿರಿ.
- ನಮ್ಮ ಕುಚ್ಚಲಕ್ಕಿ ಗಂಜಿಯಲ್ಲಿ ತಿಳಿಯೂ ಅನ್ನದ ಅಗುಳೂ ಬೇರೆ ಬೇರೆ ಇರುತ್ತವೆ. ಒಂದೇ ತುತ್ತಿನಲ್ಲಿ ಎರಡು ಬಗೆ ಬಂದರೆ ಗಂಟಲು ಗೊಂದಲಕ್ಕೆ ಬೀಳುತ್ತದೆ. ಅರೆದು ಒಂದೇ ಹದ ಮಾಡಿ ಕೊಡಿ.
- ಊಟವಾದ ಮೇಲೆ ಬಲವಿಲ್ಲದ ಬದಿಯ ಕೆನ್ನೆಯೊಳಗೆ ಆಹಾರ ಉಳಿದಿದೆಯೇ ನೋಡಿ. ಮೃದುವಾದ ಬ್ರಷ್‌ನಿಂದ ಬಾಯಿ ಶುಚಿ ಮಾಡಿ. ಆ ಬದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ ಗಟ್ಟಿ ಮಿಸ್ವಾಕ್ ಒಸಡಿಗೆ ಗಾಯ ಮಾಡಬಹುದು.

ಬಲಗೈ ಬಿದ್ದವರು ಎಡಗೈಯಿಂದ ಉಂಡರೆ ಮನೆಯವರು ಕೆಲವೊಮ್ಮೆ ಗದರುತ್ತಾರೆ. ಕಾರಣವಿರುವವರಿಗೆ ಅದರಲ್ಲಿ ತಪ್ಪಿಲ್ಲ. ತಾನೇ ತೆಗೆದು ತಿಂದ ಒಂದು ತುತ್ತು, ನೀವು ತಿನ್ನಿಸಿದ ಹತ್ತು ತುತ್ತಿಗಿಂತ ಹೆಚ್ಚು ಬಲ ಕೊಡುತ್ತದೆ.

ಮಲಗಿಸುವುದು, ಎಬ್ಬಿಸುವುದು

ಇಡೀ ಶುಶ್ರೂಷೆಯಲ್ಲಿ ನೆನಪಿಡಬೇಕಾದ ಒಂದು ಮಾತಿದೆ. ರೋಗಿಯ ಕೆಲಸವನ್ನೆಲ್ಲ ನೀವೇ ಮಾಡಿ ಮುಗಿಸಬೇಡಿ, ಅವರು ಮಾಡುವಂತೆ ನೆರವಾಗಿ. ಬಿದ್ದ ಕೈಯನ್ನು ಮರೆತು ಎಲ್ಲವನ್ನೂ ನಾವೇ ಮಾಡುತ್ತಾ ಹೋದರೆ ಮಿದುಳೂ ಆ ಕೈಯನ್ನು ಮರೆಯುತ್ತದೆ. ಚೇತರಿಕೆ ಮೊದಲ ಮೂರು ತಿಂಗಳಲ್ಲಿ ವೇಗವಾಗಿರುತ್ತದೆ, ಆರು ತಿಂಗಳವರೆಗೆ ಚೆನ್ನಾಗಿ ನಡೆಯುತ್ತದೆ, ಆಮೇಲೆ ನಿಧಾನವಾದರೂ ನಿಲ್ಲುವುದಿಲ್ಲ. ಈ ತಿಂಗಳುಗಳಲ್ಲಿ ಫಿಸಿಯೋಥೆರಪಿ ತಪ್ಪಿಸಬೇಡಿ. ದಿನವೂ ಆಸ್ಪತ್ರೆಗೆ ಹೋಗಲಾಗದಿದ್ದರೆ ಒಂದೆರಡು ಸಲ ಹೋಗಿ ವ್ಯಾಯಾಮ ಕಲಿತು ಮನೆಯಲ್ಲಿ ಮಾಡಿಸಿ.

ಬಲವಿಲ್ಲದ ಕೈಯನ್ನು ಹಿಡಿದು ಎಳೆದು ಎಬ್ಬಿಸುವುದು ನಾನು ಅತಿ ಹೆಚ್ಚು ನೋಡುವ ತಪ್ಪು. ಸ್ನಾಯುಗಳು ಸಡಿಲವಾಗಿರುವುದರಿಂದ ಭುಜದ ಕೀಲು ಜಾರುತ್ತದೆ. ಆಮೇಲೆ ಬರುವ ಭುಜನೋವು ತಿಂಗಳುಗಟ್ಟಲೆ ವ್ಯಾಯಾಮವನ್ನೇ ತಡೆಯುತ್ತದೆ. ಕಂಕುಳಿಗೆ ಕೈ ಹಾಕಿ ಎತ್ತುವುದೂ ತಪ್ಪು. ರೋಗಿಯನ್ನು ಮಂಚದ ಅಂಚಿಗೆ ಕೂರಿಸಿ, ಪಾದಗಳು ನೆಲಕ್ಕೆ ತಾಗಲಿ. ಅವರ ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ನಿಮ್ಮ ಮೊಣಕಾಲು ಬಾಗಿರಲಿ, ಬೆನ್ನು ನೆಟ್ಟಗಿರಲಿ. ಒಂದು, ಎರಡು, ಮೂರು ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಏಳಿ.

ಹಾಸಿಗೆ ಬಿಟ್ಟು ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳಭಾಗ, ಹಿಮ್ಮಡಿ, ಮೊಣಕೈ ಕೆಂಪಾಗಿವೆಯೇ ದಿನಕ್ಕೊಮ್ಮೆ ನೋಡಿ. ಒತ್ತಿ ಬಿಟ್ಟಾಗಲೂ ಕೆಂಪು ಹೋಗದಿದ್ದರೆ ಅದು ಹಾಸಿಗೆ ಹುಣ್ಣಿನ ಆರಂಭ. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ. ಅದನ್ನು ಉಜ್ಜಬೇಡಿ.

ಬಟ್ಟೆ ತೊಡಿಸುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಇಷ್ಟು ಗೊತ್ತಿದ್ದರೆ ಪ್ರತಿದಿನದ ಅರ್ಧ ಜಗಳ ತಪ್ಪುತ್ತದೆ.

ಶೌಚ, ಶುಚಿತ್ವ ಮತ್ತು ನಮಾಝ್

ಡೈಪರ್ ಹಾಕಿದರೆ ನಮಗೆ ಸುಲಭ, ಆದರೆ ರೋಗಿ ಶೌಚದ ಹತೋಟಿಯನ್ನು ಮರಳಿ ಕಲಿಯುವುದು ತಡವಾಗುತ್ತದೆ. ಎರಡು ಮೂರು ಗಂಟೆಗೊಮ್ಮೆ ಕರೆದು ಕೇಳಿ, ಕಮೋಡ್ ಚೇರ್‌ನಲ್ಲಿ ಕೂರಿಸಿ. ಇದಕ್ಕೆ ನಮ್ಮ ಮನೆಗಳಲ್ಲಿ ಒಂದು ವೇಳಾಪಟ್ಟಿ ಆಗಲೇ ಇದೆ. ಐದು ವಖ್ತ್ ಅದಾನ್ ಕೇಳಿದಾಗಲೆಲ್ಲ ಶೌಚ, ಶುದ್ಧಿ, ನಮಾಝ್, ಬಳಿಕ ಹತ್ತು ನಿಮಿಷ ಕೈಕಾಲಿನ ವ್ಯಾಯಾಮ ಎಂದು ರೂಢಿ ಮಾಡಿಕೊಳ್ಳಿ. ನಡುವಿನ ಹೊತ್ತಿಗೆ ಇನ್ನೊಂದೆರಡು ಸಲ ಸೇರಿಸಿದರೆ ಸಾಕು. ಕುಡಿಯುವ ನೀರನ್ನು ಹಗಲಿನಲ್ಲೇ ಹೆಚ್ಚು ಕೊಟ್ಟು ಇಶಾದ ನಂತರ ಕಡಿಮೆ ಮಾಡಿ. ಹೃದಯ ಅಥವಾ ಕಿಡ್ನಿಯ ತೊಂದರೆ ಇದ್ದರೆ ನೀರಿನ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಎಡಗೈ ಬಿದ್ದವರಿಗೆ ಶೌಚಶುದ್ಧಿ ದೊಡ್ಡ ಸಮಸ್ಯೆ. ಕಮೋಡಿನ ಬಲಬದಿಗೆ ಕೈ ಶವರ್ ಹಾಕಿಸಿ ಕೊಟ್ಟರೆ ಅನೇಕರು ಆ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆ. ಹೆಂಗಸರಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಶುಚಿ ಮಾಡಬೇಕು. ಇಲ್ಲದಿದ್ದರೆ ಮೂತ್ರದ ಸೋಂಕು ಬರುತ್ತದೆ. ಆರೈಕೆ ಮಾಡುವ ಪತಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಗೋಡೆಗೆ ಹಿಡಿಕೆ ಹಾಕಿಸಿ. ಬಾಗಿಲ ಬಳಿಯ ಕಾಲೊರೆಸು ತೆಗೆದುಬಿಡಿ. ವುಝೂ ಮಾಡಿದ ನೆಲವನ್ನು ಆಗಲೇ ಒರೆಸಿ. ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಮೂರು ತಿಂಗಳ ಚೇತರಿಕೆ ನೀರುಪಾಲು.

ನಮಾಝ್ ವಿಷಯದಲ್ಲಿ ರೋಗಿಗಳು ತುಂಬ ನೋಯುತ್ತಾರೆ. ನಿಂತು ಆಗದವರು ಕುಳಿತು, ಕುಳಿತು ಆಗದವರು ಮಗ್ಗುಲಲ್ಲಿ ಮಲಗಿ ಮಾಡಬಹುದೆಂದು ಪ್ರವಾದಿವರ್ಯರೇ(ಸ) ಕಲಿಸಿದ್ದಾರೆ. ವುಝೂ ಮಾಡಿಸಲು ನೀವು ಸಹಾಯ ಮಾಡಬಹುದು. ನೀರು ಬಳಸಲು ಸಾಧ್ಯವೇ ಇಲ್ಲದಾಗ ತಯಮ್ಮುಮ್ ಇದೆ. ಮೂತ್ರ ಹತೋಟಿಯಲ್ಲಿಲ್ಲದವರ ನಿಯಮಗಳನ್ನು ನಿಮ್ಮ ಊರಿನ ಉಸ್ತಾದರಲ್ಲಿ ಕೇಳಿ, ಅವರನ್ನು ಮನೆಗೇ ಕರೆದು ರೋಗಿಯ ಎದುರಲ್ಲೇ ಹೇಳಿಸಿ. "ನನ್ನ ನಮಾಝ್ ಆಗುವುದಿಲ್ಲ" ಎಂಬ ಕೊರಗು ಅರ್ಧ ಕಾಯಿಲೆ. ರಮಝಾನ್‌ನಲ್ಲಿ ಮದ್ದಿನ ಹೊತ್ತು ತಪ್ಪಿಸಿ ಉಪವಾಸ ಹಿಡಿಯಬೇಡಿ. ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ.

ಮಾತು ಹೋದಾಗ, ಅಳು ಬಂದಾಗ

ಬಲಬದಿ ಬಿದ್ದವರಲ್ಲಿ ಅನೇಕರಿಗೆ ಮಾತೂ ಹೋಗುತ್ತದೆ. "ನೀರು" ಎನ್ನಲಾಗದವರು ಸೂರಃ ಫಾತಿಹಾವನ್ನು ತಡೆಯಿಲ್ಲದೆ ಓದುವುದನ್ನು ನೀವು ಕಾಣಬಹುದು. ಆಗ ಮನೆಯವರು, "ಓದಲು ಬರುತ್ತದೆ, ನಮ್ಮೊಡನೆ ಮಾತನಾಡಲು ಮಾತ್ರ ಆಗುವುದಿಲ್ಲವೇ?" ಎಂದು ಸಂಶಯಪಡುತ್ತಾರೆ. ಅದು ನಟನೆಯಲ್ಲ. ಸಾವಿರಾರು ಸಲ ಓದಿ ಬಾಯಿಗೆ ಬಂದದ್ದು, ಅಂಕಿ ಎಣಿಕೆ, ಸಲಾಂ ಇವು ಮಿದುಳಿನಲ್ಲಿ ಬೇರೆ ಹಾದಿಯಿಂದ ಬರುತ್ತವೆ. ಹೊಸದಾಗಿ ವಾಕ್ಯ ಕಟ್ಟುವುದು ಬೇರೆ ಕೆಲಸ. ಆ ಓದನ್ನು ನಿಲ್ಲಿಸಬೇಡಿ, ಜೊತೆಗೆ ಕುಳಿತು ಓದಿ. ಸ್ಪೀಚ್ ಥೆರಪಿ ಸಿಗುವಲ್ಲಿ ತಪ್ಪದೆ ಕೊಡಿಸಿ. ಹೌದು, ಇಲ್ಲ ಎನ್ನಬಹುದಾದ ಪ್ರಶ್ನೆ ಕೇಳಿ. ಉತ್ತರಕ್ಕೆ ಕಾಯಿರಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ, ಜೋರಾಗಿ ಕೂಗಬೇಡಿ. ಅವರಿಗೆ ಕಿವುಡಲ್ಲ. ಅವರ ಎದುರಿಗೇ ಅವರ ಬಗ್ಗೆ ಬೇರೆಯವರೊಡನೆ ಮಾತನಾಡಲೇಬೇಡಿ. ಹೇಳಲಾಗದಿದ್ದರೂ ಬಹಳಷ್ಟು ಅರ್ಥವಾಗುತ್ತಿರುತ್ತದೆ.

ಎಡಬದಿ ಬಿದ್ದವರ ತೊಂದರೆ ಬೇರೆ ಬಗೆಯದು. ಕೆಲವರಿಗೆ ಎಡಬದಿ ಇದೆ ಎಂಬುದೇ ಮರೆಯುತ್ತದೆ. ನಾನು ಹೇಳಿದ ಆ ತಾಯಿ ತಟ್ಟೆಯ ಬಲ ಅರ್ಧ ಮಾತ್ರ ಉಂಡು ಎಡ ಅರ್ಧವನ್ನು ಹಾಗೇ ಬಿಡುತ್ತಿದ್ದರು. ಹಸಿವಿಲ್ಲ ಎಂದು ಎಲ್ಲರೂ ತಿಳಿದಿದ್ದರು. ತಟ್ಟೆ ತಿರುಗಿಸಿ ಇಟ್ಟ ದಿನ ಪೂರ್ತಿ ಉಂಡರು. ಆಮೇಲೆ ತಾವಾಗಿ ಎಡಕ್ಕೆ ಹುಡುಕುವ ಅಭ್ಯಾಸ ಮಾಡಿಸಿದೆವು. ನೀವು ಕೂರುವುದು, ಮಾತನಾಡಿಸುವುದು ಆ ಮರೆತ ಬದಿಯಿಂದಲೇ ಇರಲಿ.

ಕಾರಣವಿಲ್ಲದೆ ಅಳುವುದು, ಹೊತ್ತಲ್ಲದ ಹೊತ್ತಿನಲ್ಲಿ ನಗುವುದು ಕೂಡ ಮಿದುಳಿನ ಗಾಯದ ಲಕ್ಷಣ. ಇದಲ್ಲದೆ, ಪಾರ್ಶ್ವವಾಯುವಾದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಇದು ಈಮಾನ್‌ನ ಕೊರತೆಯಲ್ಲ. ಊಟ ಬೇಡ, ವ್ಯಾಯಾಮ ಬೇಡ, ಬದುಕೇ ಬೇಡ ಎನ್ನತೊಡಗಿದರೆ ವೈದ್ಯರಿಗೆ ತಿಳಿಸಿ, ಅದಕ್ಕೆ ಮದ್ದಿದೆ. ದಾಂಪತ್ಯ ಜೀವನದ ಬಗ್ಗೆಯೂ ಅನೇಕರು ಕೇಳಲು ನಾಚುತ್ತಾರೆ. ರಕ್ತದೊತ್ತಡ ಹತೋಟಿಗೆ ಬಂದ ಮೇಲೆ ಹೆಚ್ಚಿನವರಿಗೆ ವೈದ್ಯಕೀಯ ತಡೆಯಿಲ್ಲ. ನಿಮ್ಮ ವೈದ್ಯರನ್ನು ಒಮ್ಮೆ ಏಕಾಂತದಲ್ಲಿ ಕೇಳಿ.

ಎಣ್ಣೆ, ಗುಳಿಗೆ, ಹಿಜಾಮಾ

ಯುನಾನಿ ಪದ್ಧತಿಯಲ್ಲಿ ಫಾಲಿಜ್‌ಗೆ ದಲಕ್ ಎಂಬ ಅಂಗಮರ್ದನವಿದೆ, ರೋಗನ್ ಸುರ್ಖ್, ರೋಗನ್ ಕುಸ್ತ್‌ನಂಥ ತೈಲಗಳಿವೆ. ಬಿಗಿತ ಮತ್ತು ನೋವನ್ನು ತಗ್ಗಿಸಲು ಇವು ನೆರವಾಗುತ್ತವೆ, ಬಿದ್ದ ಕೈಯ ಕಡೆಗೆ ರೋಗಿಯ ಗಮನವನ್ನು ಮರಳಿ ತರುತ್ತವೆ. ವ್ಯಾಯಾಮಕ್ಕೆ ಮುಂಚೆ ಮೆತ್ತಗೆ ಹಚ್ಚಿ. ಆದರೆ ಎಣ್ಣೆ ವ್ಯಾಯಾಮದ ಬದಲಿಯಲ್ಲ, ಬಿಪಿ ಮಾತ್ರೆಯ ಬದಲಿಯಂತೂ ಅಲ್ಲವೇ ಅಲ್ಲ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಉಜ್ಜಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಬಿದ್ದ ಬದಿಗೆ ಬಿಸಿನೀರಿನ ಚೀಲ ಇಡಬೇಡಿ. ಸುಡುವುದು ಅವರಿಗೆ ತಿಳಿಯುವುದಿಲ್ಲ.

ನಮ್ಮ ಹಳೆಯ ಗ್ರಂಥಗಳಲ್ಲಿ ಫಾಲಿಜ್‌ನ ಮೊದಲ ದಿನಗಳಿಗೆ ಮಾವುಲ್ ಅಸಲ್, ಅಂದರೆ ಜೇನುನೀರು ಹೇಳಿದೆ. ಗಂಟಲು ಪರೀಕ್ಷೆಯಾಗದ ರೋಗಿಗೆ ಇಂದು ಅದನ್ನು ಕುಡಿಸಿದರೆ ನೇರ ಶ್ವಾಸಕೋಶಕ್ಕೆ ಹೋಗಬಹುದು. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ತೊಂದರೆ. ಹಬ್ಬೆ ಅಝಾರಾಖಿಯಂಥ ಗುಳಿಗೆಗಳನ್ನು ಯಾರದೋ ಮಾತು ಕೇಳಿ ತರಿಸಬೇಡಿ. ಅದರಲ್ಲಿರುವುದು ಕಾಸರಕದ ಬೀಜ. ಶೋಧನೆ ಮಾಡಿದ್ದರೂ ಪ್ರಮಾಣ ಮೀರಿದರೆ ಅದು ವಿಷ, ಸೆಳವು ತರಬಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ತೆಗೆಯುವ ಹಿಜಾಮಾ ಅಪಾಯ. ಮಾತ್ರೆ ಬರೆದ ವೈದ್ಯರನ್ನು ಕೇಳದೆ ಮಾಡಿಸಬೇಡಿ. ಹಿಜಾಮಾಕ್ಕಾಗಿ ಮಾತ್ರೆ ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅಪಾಯ.

ಮತ್ತೆ ಬರದಂತೆ ನೋಡಿಕೊಳ್ಳಲು ದಾರಿಗಳು ಸರಳ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಮಾತ್ರೆಗಳನ್ನು "ಈಗ ನಾರ್ಮಲ್ ಇದೆ" ಎಂದು ಬಿಡಬೇಡಿ. ನಾರ್ಮಲ್ ಇರುವುದು ಮಾತ್ರೆಯಿಂದಲೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೂ ಇದರ ಲೆಕ್ಕದಲ್ಲೇ ಸೇರಿದೆ. ಬೀಡಿ, ಸಿಗರೇಟು, ಗುಟ್ಕಾ ಇಂದೇ ನಿಲ್ಲಬೇಕು.

ನಿಮ್ಮ ಆರೋಗ್ಯವೂ ಅಮಾನತ್

ಶುಶ್ರೂಷೆ ಮಾಡುವ ಪತ್ನಿಯರಲ್ಲಿ ಅನೇಕರು ತಮ್ಮದೇ ಬಿಪಿ ಮಾತ್ರೆ ಮರೆಯುತ್ತಾರೆ. ಬೆನ್ನು ಬಿದ್ದುಹೋಗುತ್ತದೆ, ನಿದ್ದೆ ಹೋಗುತ್ತದೆ, ಒಂದು ದಿನ ರೋಗಿಯ ಮೇಲೆ ಕೂಗಿಬಿಡುತ್ತಾರೆ. ಆಮೇಲೆ ರಾತ್ರಿಯೆಲ್ಲ ತೌಬಾ ಮಾಡುತ್ತಾ ಅಳುತ್ತಾರೆ. ಸಹೋದರಿ, ನಿಮ್ಮಲ್ಲಿ ಸಬ್ರ್ ಕಡಿಮೆಯಾಗಿರುವುದಲ್ಲ, ನಿಮಗೆ ನಿದ್ದೆ ಕಡಿಮೆಯಾಗಿದೆ. ವಾರದಲ್ಲಿ ಎರಡು ರಾತ್ರಿಯಾದರೂ ಮಕ್ಕಳು ಪಾಳಿ ತೆಗೆದುಕೊಳ್ಳಲಿ. ಕಾಣಲು ಬರುವ ನೆಂಟರಿಗೆ ಹಣ್ಣಿನ ಬದಲು ಎರಡು ಗಂಟೆ ಕುಳಿತುಕೊಳ್ಳಲು ಹೇಳಿ, ನೀವು ಮಲಗಿ. ಮನಸ್ಸು ತೀರಾ ಭಾರವಾದಾಗ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನ ಸಲಹೆಗಾರರು ಉಚಿತವಾಗಿ ಮಾತನಾಡುತ್ತಾರೆ.

ಜಿಲ್ಲಾಸ್ಪತ್ರೆಗೆ ಹೋದಾಗ ಮಿದುಳು ಆರೋಗ್ಯ ಕ್ಲಿನಿಕ್ ಇದೆಯೇ ಎಂದು ವಿಚಾರಿಸಿ. ನಿಮ್ಹಾನ್ಸ್ ಸಹಯೋಗದಲ್ಲಿ ಸರಕಾರ ಇಂಥವನ್ನು ನಡೆಸುತ್ತಿದೆ. ಚೇತರಿಕೆ ನಿಂತು ಶಾಶ್ವತ ಊನ ಉಳಿದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಊನದ ಪ್ರಮಾಣ ಶೇ. 40 ಅಥವಾ ಹೆಚ್ಚಿದ್ದರೆ ಸರಕಾರದ ಅನೇಕ ಸೌಲಭ್ಯಗಳಿಗೆ ಅದು ದಾರಿ.

ಮೊದಲು ಹೇಳಿದ ಆ ಹಿರಿಯರು ಕಳೆದ ತಿಂಗಳು ಮತ್ತೆ ಬಂದಿದ್ದರು. ಎಣ್ಣೆ ಕೇಳಲಿಲ್ಲ. ಕಮೋಡ್ ಚೇರ್‌ನ ಕಾಲಿಗೆ ಹಾಕುವ ರಬ್ಬರ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಪತ್ನಿಯ ಎಡಗೈ ಬೆರಳುಗಳು ಇನ್ನೂ ಬಿಚ್ಚುವುದಿಲ್ಲ. ಬಿಚ್ಚುತ್ತವೆ ಎಂದು ನಾನು ಮಾತು ಕೊಟ್ಟೂ ಇಲ್ಲ. ಆದರೆ ಕೋಲು ಹಿಡಿದು, ಪತಿಯ ಆಸರೆಯಲ್ಲಿ ಬಚ್ಚಲುಮನೆಯವರೆಗೆ ನಡೆಯುತ್ತಾರೆ. ದಿನಕ್ಕೆ ಏಳೆಂಟು ಲೋಟ ನೀರು ಕುಡಿಯುತ್ತಾರೆ. ಜ್ವರ ಮತ್ತೆ ಬಂದಿಲ್ಲ. "ಇಷ್ಟು ವರ್ಷ ಫೋನಿನಲ್ಲೇ ಮಾತು ಮುಗಿಯುತ್ತಿತ್ತು. ಈಗ ದಿನವಿಡೀ ಎದುರಿಗೆ ಕೂರಿಸಿಕೊಂಡು ಬೈಯುತ್ತಾಳೆ" ಎಂದು ಹೇಳಿ ನಕ್ಕರು.

ನಿಮ್ಮ ಮನೆಯಲ್ಲಿ ಇಂಥ ರೋಗಿ ಇದ್ದರೆ ಇಂದು ರಾತ್ರಿ ಒಂದು ಕೆಲಸ ಮಾಡಿ. ಸಂಗಾತಿಯ ಬಲವಿಲ್ಲದ ಬದಿಯಲ್ಲಿ ಹೋಗಿ ಕುಳಿತುಕೊಳ್ಳಿ. ಇವತ್ತು ಎಷ್ಟು ನೀರು ಕುಡಿದಿರಿ, ಎಲ್ಲಿ ನೋಯುತ್ತದೆ, ಯಾವುದಕ್ಕೆ ಯಾರನ್ನು ಕರೆಯಲು ನಾಚಿಕೆಯಾಗುತ್ತದೆ ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾವನ್ನೂ ಅವರ ಸೇವೆ ಮಾಡುವ ಕೈಗಳಿಗೆ ಬಲವನ್ನೂ ಕರುಣಿಸಲಿ. ಆಮೀನ್.